ಬೈಪೋಲಾರ್ ಮತ್ತು ಸ್ಕಿಜೋಫ್ರೇನಿಯಾ: ಮೆದುಳಿನಲ್ಲಿ ಭಾವನೆಗಳಿಗೆ ಏನಾಗುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಜಿಲ್ಲೆಯಲ್ಲಿ ತೀವ್ರ ಮಾನಸಿಕ ಕಾಯಿಲೆ ಇರುವವರ ಮನೆಮಂದಿ ವೈದ್ಯರ ಬಳಿ ಮಾತ್ರೆ, ಖರ್ಚು, ಮದುವೆ ಮುಂತಾದ ವಿಷಯಗಳನ್ನು ಕೇಳುತ್ತಾರೆ. ಆದರೆ ‘ಅವನಿಗೆ ನಮ್ಮ ಮೇಲೆ ಪ್ರೀತಿಯೇ ಇಲ್ಲವೇ?’, ‘ಅವಳು ಬೇಕೆಂದೇ ಹೀಗೆ ಮಾಡುತ್ತಾಳೆಯೇ?’ ಎಂಬ ಪ್ರಶ್ನೆಗಳನ್ನು ಬಹಳಷ್ಟು ಜನ ಕೇಳದೆ ಮನಸ್ಸಿನಲ್ಲೇ ಇಟ್ಟುಕೊಳ್ಳುತ್ತಾರೆ. ಈ ಬರಹ ಮುಖ್ಯವಾಗಿ ಆ ಪ್ರಶ್ನೆಗಳನ್ನು ಕುರಿತದ್ದು. ಭಾವನೆಯನ್ನು ಗುರುತಿಸುವುದು, ಅದನ್ನು ಹದದಲ್ಲಿಡುವುದು, ಅದನ್ನು ಮುಖದಲ್ಲಿ ಹಾಗೂ ಮಾತಿನಲ್ಲಿ ತೋರಿಸುವುದು ಇವೆಲ್ಲವೂ ಮೆದುಳಿನ ಕೆಲಸಗಳು. ಈ ಎರಡು ಕಾಯಿಲೆಗಳು ಆ ಕೆಲಸಗಳನ್ನು ಬೇರೆ ಬೇರೆ ರೀತಿಯಲ್ಲಿ ಕೆಡಿಸುತ್ತವೆ.

ಬೈಪೋಲಾರ್ ಮತ್ತು ಸ್ಕಿಜೋಫ್ರೇನಿಯಾ ಎರಡೂ ಒಂದೇ ಕಾಯಿಲೆಯೇ?

ಅಲ್ಲ. ಬೈಪೋಲಾರ್ ಕಾಯಿಲೆಯಲ್ಲಿ ಮುಖ್ಯವಾಗಿ ಏರುಪೇರಾಗುವುದು ಮನಸ್ಥಿತಿ ಮತ್ತು ಚೈತನ್ಯ. ಒಂದು ಕಾಲದಲ್ಲಿ ಉನ್ಮಾದ, ಇನ್ನೊಂದು ಕಾಲದಲ್ಲಿ ಖಿನ್ನತೆ, ನಡುವೆ ಬಹುಪಾಲು ಸಹಜವಾಗಿರುವ ದಿನಗಳು ಎಂಬಂತೆ ಅದು ಸಾಗುತ್ತದೆ. ಸ್ಕಿಜೋಫ್ರೇನಿಯಾದಲ್ಲಿ ಯೋಚನೆ ಮತ್ತು ಗ್ರಹಿಕೆಗಳು ಕದಡುತ್ತವೆ: ಯಾರೂ ಆಡದ ಮಾತು ಕಿವಿಗೆ ಕೇಳಿಸುತ್ತದೆ, ಯಾರೋ ಕೇಡು ಬಗೆಯುತ್ತಿದ್ದಾರೆ ಎಂಬ ಬಲವಾದ ನಂಬಿಕೆ ಬೇರೂರುತ್ತದೆ, ಕ್ರಮೇಣ ಮಾತು, ಆಸಕ್ತಿ, ಒಡನಾಟ ಕುಗ್ಗುತ್ತವೆ.

ಜರ್ಮನಿಯ ಮನೋವೈದ್ಯ ಎಮಿಲ್ ಕ್ರೆಪೆಲಿನ್ 1899ರಲ್ಲಿ ತಮ್ಮ ಪಠ್ಯಪುಸ್ತಕದ ಆರನೆಯ ಆವೃತ್ತಿಯಲ್ಲಿ ಇವೆರಡನ್ನೂ ಸ್ಪಷ್ಟವಾಗಿ ಬೇರ್ಪಡಿಸಿದರು. ನೂರು ವರ್ಷಗಳ ನಂತರ ವಂಶವಾಹಿಗಳ ಅಧ್ಯಯನಗಳು ಆ ಗೆರೆ ಅಷ್ಟು ಗಟ್ಟಿಯಾದುದಲ್ಲ ಎಂದು ತೋರಿಸಿದವು. ಎರಡೂ ಕಾಯಿಲೆಗಳ ಆನುವಂಶಿಕ ಹಿನ್ನೆಲೆಯಲ್ಲಿ ಗಣನೀಯ ಪಾಲು ಸಮಾನವಾಗಿದೆ. ತೀವ್ರ ಉನ್ಮಾದದಲ್ಲಿರುವವರಿಗೂ ಇಲ್ಲದ ದನಿ ಕೇಳಿಸಬಹುದು. ಸ್ಕಿಜೋಫ್ರೇನಿಯಾ ಇರುವವರಿಗೂ ಖಿನ್ನತೆ ಬರಬಹುದು. ಮೊದಲ ಭೇಟಿಯಲ್ಲಿ ಒಂದು ಹೆಸರು ಹೇಳಿದ ವೈದ್ಯರು ವರ್ಷದ ಮೇಲೆ ಇನ್ನೊಂದು ಹೆಸರು ಹೇಳಿದರೆ ಅದು ಅವರ ಅಜ್ಞಾನವೆಂದು ಭಾವಿಸಬೇಕಿಲ್ಲ. ಕಾಯಿಲೆಯ ನಡೆಯನ್ನು ಕಾಲಕ್ರಮದಲ್ಲಿ ನೋಡಿಯೇ ಅದನ್ನು ಖಚಿತಪಡಿಸಬೇಕಾಗುತ್ತದೆ.

ಇವು ತೀರಾ ಅಪರೂಪವೇ?

ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದೆ. 2019ರಲ್ಲಿ ಸುಮಾರು 4 ಕೋಟಿ ಜನ ಬೈಪೋಲಾರ್ ಕಾಯಿಲೆಯೊಂದಿಗೆ ಬದುಕುತ್ತಿದ್ದರು. ಎರಡೂ ಸಾಮಾನ್ಯವಾಗಿ ಹದಿಹರೆಯದ ಕೊನೆಯಿಂದ ಮೂವತ್ತರ ಆಸುಪಾಸಿನ ವಯಸ್ಸಿನಲ್ಲಿ, ಎಂದರೆ ಕಾಲೇಜು, ಕೆಲಸ, ಮದುವೆಗಳ ಕಾಲದಲ್ಲೇ ತಲೆದೋರುತ್ತವೆ.

ಆರೋಗ್ಯವಂತ ಮೆದುಳಿನಲ್ಲಿ ಭಾವನೆಗಳ ಕೆಲಸ ಹೇಗೆ ನಡೆಯುತ್ತದೆ?

ಕಿವಿಯ ನೇರಕ್ಕೆ, ಮೆದುಳಿನ ಒಳಭಾಗದಲ್ಲಿ, ಎರಡೂ ಪಕ್ಕಗಳಲ್ಲಿ ಬಾದಾಮಿಯ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಕಣ್ಣೆದುರಿನ ಮುಖದಲ್ಲಿ ಸಿಟ್ಟಿದೆಯೇ, ಹೆದರಿಕೆಯಿದೆಯೇ, ಈ ಸದ್ದು ಅಪಾಯದ್ದೇ ಎಂಬುದನ್ನು ನಾವು ಯೋಚಿಸುವ ಮೊದಲೇ ಅದು ಅಳೆಯತೊಡಗುತ್ತದೆ. ಪಕ್ಕದ ಹಿಪ್ಪೋಕ್ಯಾಂಪಸ್ ಹಳೆಯ ನೆನಪುಗಳನ್ನು ಒದಗಿಸಿ ಸಂದರ್ಭವನ್ನು ತಿಳಿಸುತ್ತದೆ. ಇನ್ಸುಲಾ ಎಂಬ ಭಾಗ ಎದೆಬಡಿತ, ಹೊಟ್ಟೆಯ ತಳಮಳದಂತಹ ದೇಹದ ಸುಳಿವುಗಳನ್ನು ಓದುತ್ತದೆ. ಸ್ಟ್ರಯೇಟಮ್ ಎಂಬ ಭಾಗ ಡೋಪಮಿನ್ ಎಂಬ ರಾಸಾಯನಿಕದ ನೆರವಿನಿಂದ ಯಾವುದು ಮುಖ್ಯ, ಯಾವುದರಿಂದ ಸುಖ ಸಿಕ್ಕೀತು ಎಂದು ತೂಗುತ್ತದೆ. ಇವೆಲ್ಲದರ ಮೇಲೆ ಹಣೆಯ ಹಿಂದಿರುವ ಪ್ರಿಫ್ರಂಟಲ್ ಭಾಗ ನಿಗಾ ಇಡುತ್ತದೆ. ಕೆರೆಗೆ ನೀರು ಬಂದಷ್ಟನ್ನೂ ಗದ್ದೆಗೆ ಬಿಡದೆ ಬೇಕಾದಷ್ಟನ್ನೇ ಬಿಡುವ ತೂಬಿನಂತೆ, ಉಕ್ಕಿ ಬಂದ ಭಾವನೆ ಎಷ್ಟರಮಟ್ಟಿಗೆ ಮಾತಾಗಬೇಕು, ಕೃತಿಯಾಗಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ.

ಬೈಪೋಲಾರ್ ಕಾಯಿಲೆಯಲ್ಲಿ ಇದರಲ್ಲಿ ಯಾವುದು ಹದ ತಪ್ಪುತ್ತದೆ?

ಮೆದುಳಿನ ಚಟುವಟಿಕೆಯನ್ನು ಚಿತ್ರಿಸುವ ಫಂಕ್ಷನಲ್ ಎಂಆರ್‌ಐ ಅಧ್ಯಯನಗಳಲ್ಲಿ, ಉನ್ಮಾದದ ಸ್ಥಿತಿಯಲ್ಲಿರುವವರಲ್ಲಿ ಅಮಿಗ್ಡಲಾದ ಪ್ರತಿಕ್ರಿಯೆ ಹೆಚ್ಚಿರುವುದೂ, ಅದನ್ನು ಹಿಡಿತದಲ್ಲಿಡಬೇಕಾದ ಪ್ರಿಫ್ರಂಟಲ್ ಭಾಗದ, ಅದರಲ್ಲೂ ಅದರ ಕೆಳಪಕ್ಕದ ವಲಯದ ಚಟುವಟಿಕೆ ಕುಗ್ಗಿರುವುದೂ ಮತ್ತೆ ಮತ್ತೆ ಕಂಡುಬಂದಿದೆ. ಇದರ ಜೊತೆಗೆ ಲಾಭ, ಗೆಲುವು, ಸುಖಗಳ ಸುಳಿವಿಗೆ ಮಿಡಿಯುವ ಜಾಲವೂ ಬೈಪೋಲಾರ್ ಇರುವ ಅನೇಕರಲ್ಲಿ ಅತಿ ಸೂಕ್ಷ್ಮವಾಗಿರುತ್ತದೆ. ‘ಇದು ಕೈಗೂಡುತ್ತದೆ’ ಎಂಬ ಹುರುಪು ಎಲ್ಲರಿಗೂ ಬರುತ್ತದೆ. ‘ಕೈಗೂಡದಿದ್ದರೆ?’ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರಬೇಕು. ಉನ್ಮಾದದಲ್ಲಿ ಅದು ಬರುವುದಿಲ್ಲ.

ನಮ್ಮ ಕಡೆಯ ಒಂದು ಉದಾಹರಣೆಯನ್ನು ಊಹಿಸಿಕೊಳ್ಳಿ. ತಿಪಟೂರು ಕಡೆಯ ತೆಂಗಿನ ತೋಟದ ರೈತರೊಬ್ಬರು, ಸಾಮಾನ್ಯವಾಗಿ ಎಣಿಸಿ ಖರ್ಚು ಮಾಡುವವರು, ಒಂದು ವಾರದಿಂದ ರಾತ್ರಿ ಎರಡು ಮೂರು ಗಂಟೆ ಮಾತ್ರ ಮಲಗುತ್ತಿದ್ದಾರೆ, ಆದರೂ ದಣಿವಿಲ್ಲ. ಒಂದು ಕೊಳವೆಬಾವಿ ಬತ್ತಿತೆಂದು ಸಾಲ ಮಾಡಿ ಒಟ್ಟೊಟ್ಟಿಗೆ ನಾಲ್ಕು ಕಡೆ ಬೋರ್ ಕೊರೆಸಲು ಲಾರಿ ಕರೆಸುತ್ತಾರೆ, ಮನೆಯಲ್ಲಿಟ್ಟಿದ್ದ ಕೊಬ್ಬರಿಯನ್ನು ಸಿಕ್ಕ ಬೆಲೆಗೆ ಮಾರುತ್ತಾರೆ, ಬೇಡವೆಂದ ಹೆಂಡತಿಯ ಮೇಲೆ ಎಂದೂ ಕೂಗಾಡದವರು ಕೂಗಾಡುತ್ತಾರೆ. ಊರಿನವರು ಇದನ್ನು ದುರಾಸೆ ಎನ್ನುತ್ತಾರೆ, ಇಲ್ಲವೇ ಧೈರ್ಯ ಎನ್ನುತ್ತಾರೆ. ಎರಡು ತಿಂಗಳ ನಂತರ ಅದೇ ವ್ಯಕ್ತಿ ಹಾಸಿಗೆಯಿಂದ ಏಳಲಾರದೆ ‘ನನ್ನಿಂದ ಮನೆ ಹಾಳಾಯಿತು’ ಎಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ. ಈ ಎರಡನ್ನೂ ಸ್ವಭಾವದ ದೋಷವೆಂದು ನೋಡುವುದು ಅನ್ಯಾಯ. ಆಸೆಗೆ ಕಡಿವಾಣ ಹಾಕುವ ಮೆದುಳಿನ ವ್ಯವಸ್ಥೆಯೇ ಆ ಹೊತ್ತಿಗೆ ಸೋತಿರುವಾಗ ‘ಸ್ವಲ್ಪ ಹಿಡಿತದಲ್ಲಿರು’ ಎಂಬ ಬುದ್ಧಿಮಾತು ನಾಟುವುದಿಲ್ಲ.

ಖಿನ್ನತೆಯ ಕಾಲದಲ್ಲಿ ಇದೇ ಮೆದುಳು ಬೇಸರದ ಸಂಗತಿಗಳಿಗೇ ಅಂಟಿಕೊಳ್ಳುತ್ತದೆ. ಒಳ್ಳೆಯ ನೆನಪುಗಳು ಸುಲಭವಾಗಿ ಬರುವುದಿಲ್ಲ, ಕೆಟ್ಟವು ಕರೆಯದೆ ಬರುತ್ತವೆ.

ಉನ್ಮಾದವೂ ಖಿನ್ನತೆಯೂ ಇಲ್ಲದ ದಿನಗಳಲ್ಲಿ ಮೆದುಳು ಪೂರ್ತಿ ಸರಿಯಾಗಿರುತ್ತದೆಯೇ?

ಬಹುಮಟ್ಟಿಗೆ ಸುಧಾರಿಸುತ್ತದೆ, ಆದರೆ ಕೆಲವು ವ್ಯತ್ಯಾಸಗಳು ಉಳಿಯುತ್ತವೆ. ಆರಾಮವಾಗಿರುವ ದಿನಗಳಲ್ಲೂ ಹಲವರು ಸಣ್ಣ ಮಾತಿಗೆ ಹೆಚ್ಚು ನೊಂದುಕೊಳ್ಳುತ್ತಾರೆ, ಬೇಗ ರೇಗುತ್ತಾರೆ, ನೊಂದ ಮೇಲೆ ಸಮಾಧಾನಕ್ಕೆ ಬರಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಾರೆ. ‘ಈಗ ಚೆನ್ನಾಗಿದ್ದೇನೆ’ ಎಂದು ಮಾತ್ರೆ ನಿಲ್ಲಿಸಬಾರದೆಂದು ವೈದ್ಯರು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಶಿವರಾತ್ರಿ ಜಾಗರಣೆ, ಜಾತ್ರೆ, ಮದುವೆಗಳಲ್ಲಿ ನಿದ್ದೆಗೆಟ್ಟರೆ ತೊಂದರೆಯೇ?

ಬೈಪೋಲಾರ್ ಇರುವವರಿಗೆ ಹೌದು, ಇದು ಗಂಭೀರವಾದ ವಿಷಯ. ನಿದ್ದೆಗೆಡುವುದು ಉನ್ಮಾದವನ್ನು ಕೆರಳಿಸುವ ಕಾರಣಗಳಲ್ಲಿ ಅತ್ಯಂತ ಚೆನ್ನಾಗಿ ಗೊತ್ತಿರುವಂಥದ್ದು. ಆರೋಗ್ಯವಂತರಲ್ಲಿಯೂ ಒಂದು ರಾತ್ರಿಯ ನಿದ್ದೆ ತಪ್ಪಿದರೆ ಅಮಿಗ್ಡಲಾ ಹೆಚ್ಚು ಕೆರಳುತ್ತದೆ, ಪ್ರಿಫ್ರಂಟಲ್ ಭಾಗದೊಂದಿಗೆ ಅದರ ಸಂಪರ್ಕ ಸಡಿಲಗೊಳ್ಳುತ್ತದೆ. ಮೊದಲೇ ದುರ್ಬಲವಾಗಿರುವ ವ್ಯವಸ್ಥೆಯ ಮೇಲೆ ಅದರ ಪರಿಣಾಮ ಇನ್ನೂ ಹೆಚ್ಚು.

ಸಿದ್ಧಗಂಗೆಯ ಜಾತ್ರೆಗೆ ಹೋಗಬೇಡಿ ಎಂದು ಇದರ ಅರ್ಥವಲ್ಲ. ಹಗಲು ಹೋಗಿ ದರ್ಶನ ಮುಗಿಸಿ ರಾತ್ರಿ ಮನೆಯಲ್ಲಿ ಮಲಗಬಹುದು. ಮನೆಯವರಲ್ಲಿ ಬೇರೊಬ್ಬರು ಜಾಗರಣೆ ಮಾಡಬಹುದು. ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕೆಲಸವಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ನಿದ್ದೆ ಸತತವಾಗಿ ಕಡಿಮೆಯಾಗುತ್ತಿದ್ದು, ಆದರೂ ಲವಲವಿಕೆ ಏರುತ್ತಿದ್ದರೆ, ಮುಂದಿನ ಭೇಟಿಯ ದಿನಾಂಕಕ್ಕಾಗಿ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಸ್ಕಿಜೋಫ್ರೇನಿಯಾ ಇರುವ ನಮ್ಮ ಮಗನ ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಅವನಿಗೆ ಒಳಗೆ ಏನೂ ಅನ್ನಿಸುವುದಿಲ್ಲವೇ?

ಅನ್ನಿಸುತ್ತದೆ. ಈ ಬರಹದಲ್ಲಿ ಒಂದೇ ಉತ್ತರವನ್ನು ಓದಲು ಸಮಯವಿದ್ದರೆ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ.

1990ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಆನ್ ಕ್ರಿಂಗ್ ಮತ್ತು ಸಹೋದ್ಯೋಗಿಗಳು ಸ್ಕಿಜೋಫ್ರೇನಿಯಾ ಇರುವವರಿಗೂ ಇಲ್ಲದವರಿಗೂ ಸಂತೋಷ, ದುಃಖ, ಭಯ ಮೂಡಿಸುವ ಚಲನಚಿತ್ರದ ತುಣುಕುಗಳನ್ನು ತೋರಿಸಿದರು. ಕಾಯಿಲೆ ಇರುವವರ ಮುಖದಲ್ಲಿ ಭಾವ ಬಹಳ ಕಡಿಮೆ ಕಂಡಿತು. ಆದರೆ ‘ನಿಮಗೆ ಏನನ್ನಿಸಿತು?’ ಎಂದು ಕೇಳಿದಾಗ ಅವರು ವಿವರಿಸಿದ ಭಾವನೆಗಳ ತೀವ್ರತೆ ಉಳಿದವರದಕ್ಕಿಂತ ಕಡಿಮೆಯಿರಲಿಲ್ಲ. ಬೆವರಿನ ಸೂಕ್ಷ್ಮ ಬದಲಾವಣೆಯನ್ನು ಅಳೆಯುವ ಚರ್ಮದ ಪರೀಕ್ಷೆಯಲ್ಲಿ ಅವರ ದೇಹದ ಪ್ರತಿಕ್ರಿಯೆ ಇನ್ನೂ ಹೆಚ್ಚಾಗಿಯೇ ಇತ್ತು. ಅನುಭವಿಸುವುದು ಮತ್ತು ತೋರಿಸುವುದು ಬೇರೆ ಬೇರೆ ಕೆಲಸಗಳು. ಈ ಕಾಯಿಲೆ ಹೆಚ್ಚಾಗಿ ಹೊಡೆಯುವುದು ಎರಡನೆಯದನ್ನು.

ಮನೆಯಲ್ಲಿ ಇದು ಹೇಗೆ ಕಾಣುತ್ತದೆ ಎಂಬುದನ್ನು ಗಮನಿಸಿ. ತಾಯಿ ಬಿಸಿ ಮುದ್ದೆಯನ್ನು ತಟ್ಟೆಗೆ ಹಾಕಿ, ಅವನಿಗಿಷ್ಟವೆಂದು ಬಸ್ಸಾರು ಮಾಡಿ ಬಡಿಸುತ್ತಾರೆ. ಅವನು ತಲೆಯೆತ್ತದೆ ತಿಂದು, ಕೈ ತೊಳೆದು ಎದ್ದು ಹೋಗುತ್ತಾನೆ. ‘ಚೆನ್ನಾಗಿದೆ’ ಎಂಬ ಒಂದು ಮಾತಿಲ್ಲ. ತಾಯಿಗೆ ಕರುಳು ಹಿಂಡಿದಂತಾಗುತ್ತದೆ. ಅವನಿಗೆ ಆ ಊಟ ರುಚಿಸಿರುತ್ತದೆ, ಅದು ಅಮ್ಮ ತನಗಾಗಿಯೇ ಮಾಡಿದ್ದೆಂಬುದೂ ಗೊತ್ತಿರುತ್ತದೆ. ಅದನ್ನು ಮುಖದ ಸ್ನಾಯುಗಳಿಗೆ, ದನಿಯ ಏರಿಳಿತಕ್ಕೆ ತಲುಪಿಸುವ ಕೆಲಸದಲ್ಲಿ ತೊಡಕಿದೆ. ಹೀಗಾಗಿ ಅವನ ಮುಖವನ್ನು ನೋಡಿ ಒಳಗಿನದನ್ನು ಊಹಿಸುವ ಬದಲು ನೇರವಾಗಿ, ಮೃದುವಾಗಿ ಕೇಳಬೇಕು: ‘ಸಾರು ಇಷ್ಟ ಆಯ್ತಾ ಮಗ?’ ‘ಹ್ಞೂಂ’ ಎಂಬ ಉತ್ತರ ಬಂದರೆ ಅದನ್ನು ಪೂರ್ಣ ಉತ್ತರವೆಂದೇ ಸ್ವೀಕರಿಸಬೇಕು. ಭಾವವಿಲ್ಲದ ಮುಖವನ್ನು ಕಂಡು ಇವನಿಗೆ ಏನಂದರೂ ನಾಟದು ಎಂದುಕೊಂಡು ಅವನ ಎದುರೇ ಅವನ ವಿಷಯವನ್ನು ನೆಂಟರೊಡನೆ ಹಗುರವಾಗಿ ಆಡುವುದು ಅನೇಕ ಮನೆಗಳಲ್ಲಿದೆ. ಅವನಿಗೆ ನಾಟುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ.

ಹಾಗಾದರೆ ಅವನಿಗೆ ಯಾವುದರಲ್ಲೂ ಉತ್ಸಾಹವಿಲ್ಲ ಏಕೆ? ಇದು ಸೋಮಾರಿತನವಲ್ಲವೇ?

ಸೋಮಾರಿತನವಲ್ಲ. ಎದುರಿಗಿರುವ ಸುಖವನ್ನು ಅನುಭವಿಸುವ ಶಕ್ತಿ ಬಹುಮಟ್ಟಿಗೆ ಉಳಿದಿದ್ದರೂ, ಮುಂದೆ ಬರಲಿರುವ ಸುಖವನ್ನು ಮನಸ್ಸಿನಲ್ಲಿ ಕಂಡು ಅದಕ್ಕಾಗಿ ಹೆಜ್ಜೆ ಎತ್ತುವ ಶಕ್ತಿ ಸ್ಕಿಜೋಫ್ರೇನಿಯಾದಲ್ಲಿ ಕುಗ್ಗುತ್ತದೆ. ಗೆಳೆಯನ ಮನೆಗೆ ಕರೆದುಕೊಂಡು ಹೋದರೆ ಅಲ್ಲಿ ಸಂತೋಷದಿಂದಲೇ ಇರುತ್ತಾನೆ. ಆದರೆ ತಾನಾಗಿ ಹೊರಡುವುದಿಲ್ಲ. ಆದ್ದರಿಂದ ‘ನಿನಗೆ ಯಾವಾಗ ಬೇಕೋ ಆಗ ಹೋಗು’ ಎಂದು ಬಿಡುವುದಕ್ಕಿಂತ ‘ಹತ್ತು ಗಂಟೆಗೆ ಇಬ್ಬರೂ ತೋಟಕ್ಕೆ ಹೋಗೋಣ’ ಎಂದು ಹೊತ್ತು ಗೊತ್ತುಮಾಡಿ ಜೊತೆಗೆ ಹೊರಡುವುದು ಹೆಚ್ಚು ಫಲ ಕೊಡುತ್ತದೆ.

ಸುಮ್ಮನೆ ನೋಡಿದರೂ ‘ಯಾಕ್ ಹಂಗ್ ನೋಡ್ತೀಯಾ’ ಎಂದು ರೇಗುತ್ತಾನೆ. ಏಕೆ?

ಇತರರ ಮುಖದ ಭಾವವನ್ನು, ದನಿಯ ಭಾವವನ್ನು ಓದುವುದರಲ್ಲಿ ಎರಡೂ ಕಾಯಿಲೆಗಳಲ್ಲಿ ತೊಡಕಿದೆ. ಸ್ಕಿಜೋಫ್ರೇನಿಯಾದಲ್ಲಿ ಅದು ಹೆಚ್ಚು. ಭಯ, ಸಿಟ್ಟು, ದುಃಖಗಳಂತಹ ನೋವಿನ ಭಾವಗಳನ್ನು ಗುರುತಿಸುವುದು ವಿಶೇಷವಾಗಿ ಕಷ್ಟ. ಮೆದುಳಿನ ಚಿತ್ರಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರ ಅಮಿಗ್ಡಲಾ ಹೆದರಿದ ಅಥವಾ ಸಿಟ್ಟಿನ ಮುಖಕ್ಕೂ ಭಾವವಿಲ್ಲದ ಸಾದಾ ಮುಖಕ್ಕೂ ಅಷ್ಟಾಗಿ ವ್ಯತ್ಯಾಸ ತೋರಿಸುವುದಿಲ್ಲ ಎಂದು ಕಂಡುಬಂದಿದೆ. ಇದಕ್ಕೆ ಒಂದು ಕಾರಣ, ಸಾದಾ ಮುಖಕ್ಕೇ ಅದು ಅಗತ್ಯಕ್ಕಿಂತ ಹೆಚ್ಚು ಮಿಡಿಯುವುದು. ದಣಿದು ಬಂದು ಸುಮ್ಮನೆ ಕುಳಿತ ತಂದೆಯ ಮುಖ ಅವನಿಗೆ ಬೆದರಿಕೆಯಂತೆ ತೋರಬಹುದು.

ಇದು ತಿಳಿದ ಮೇಲೆ ಮನೆಯವರು ಮಾಡಬಹುದಾದ ಕೆಲಸ ಸುಲಭ: ಮನಸ್ಸಿನಲ್ಲಿರುವುದನ್ನು ಬಾಯಿಬಿಟ್ಟು ಹೇಳುವುದು. ‘ನಿನ್ನ ಮೇಲೆ ಸಿಟ್ಟಿಲ್ಲಪ್ಪ, ಬಸ್ಸಿನಲ್ಲಿ ನಿಂತು ಬಂದೆ, ಕಾಲು ನೋಯ್ತಿದೆ’ ಎಂಬ ಒಂದು ವಾಕ್ಯ ಒಂದು ಜಗಳವನ್ನು ತಪ್ಪಿಸಬಲ್ಲದು. ಅವನ ಎದುರು ಪಿಸುಗುಟ್ಟುವುದು, ಕಣ್ಸನ್ನೆ ಮಾಡುವುದು, ಕುಹಕವಾಡುವುದು ಇವುಗಳನ್ನು ಬಿಟ್ಟುಬಿಡಬೇಕು.

ಸುಳ್ಳೆಂದು ಸಾಬೀತು ಮಾಡಿದರೂ ಸಂಶಯ ಹೋಗುವುದಿಲ್ಲವೇಕೆ?

ಸ್ಕಿಜೋಫ್ರೇನಿಯಾದ ತೀವ್ರ ಹಂತದಲ್ಲಿ ಸ್ಟ್ರಯೇಟಮ್ ಭಾಗದಲ್ಲಿ ಡೋಪಮಿನ್ ಅಗತ್ಯಕ್ಕಿಂತ ಹೆಚ್ಚಾಗಿ ತಯಾರಾಗಿ ಬಿಡುಗಡೆಯಾಗುತ್ತದೆ. ಡೋಪಮಿನ್‌ನ ಒಂದು ಕೆಲಸ ‘ಇದನ್ನು ಗಮನಿಸು, ಇದು ಮುಖ್ಯ’ ಎಂದು ಗುರುತು ಹಾಕುವುದು. ಅದು ಅಕಾಲದಲ್ಲಿ ಸುರಿದರೆ ರಸ್ತೆಯಲ್ಲಿ ಕೆಮ್ಮಿದವನ ಕೆಮ್ಮು, ಎರಡು ಸಲ ಎದುರಾದ ಬೈಕು, ಟಿವಿಯಲ್ಲಿ ಬಂದ ಒಂದು ಪದ ಎಲ್ಲವೂ ತನಗೇ ಸಂಬಂಧಿಸಿದ್ದೆಂಬ ಬಲವಾದ ಭಾವ ಹುಟ್ಟುತ್ತದೆ. ಮನೋವೈದ್ಯ ಶಿತಿಜ್ ಕಪೂರ್ 2003ರಲ್ಲಿ ಈ ವಿವರಣೆಯನ್ನು ವಿಸ್ತಾರವಾಗಿ ಮಂಡಿಸಿದರು. ಭಾವ ಮೊದಲು ಬರುತ್ತದೆ, ಅದಕ್ಕೆ ಕಾರಣ ಹುಡುಕುವ ಕಥೆ ಆಮೇಲೆ ಕಟ್ಟಿಕೊಳ್ಳುತ್ತದೆ. ಹೀಗಾಗಿ ಕಥೆಯನ್ನು ವಾದದಿಂದ ಕೆಡವಿದರೂ ಭಾವ ಹಾಗೇ ಉಳಿಯುತ್ತದೆ. ವಾದಿಸಬೇಡಿ, ಹೌದೆಂದೂ ಒಪ್ಪಬೇಡಿ. ‘ನಿನಗೆ ತುಂಬಾ ಭಯ ಆಗ್ತಿದೆ ಅಂತ ಕಾಣುತ್ತೆ, ನಾನು ಇಲ್ಲೇ ಇರ್ತೀನಿ’ ಎನ್ನಿ.

ತಲೆಯ ಸ್ಕ್ಯಾನ್ ಮಾಡಿಸಿದರೆ ಈ ಕಾಯಿಲೆ ಕಾಣುತ್ತದೆಯೇ?

ಕಾಣುವುದಿಲ್ಲ. ಮೇಲೆ ಹೇಳಿದ ವ್ಯತ್ಯಾಸಗಳೆಲ್ಲ ಅನೇಕ ಜನರ ಗುಂಪುಗಳ ಸರಾಸರಿಯಲ್ಲಿ ಕಂಡವು. ಒಬ್ಬ ವ್ಯಕ್ತಿಯ ಸ್ಕ್ಯಾನ್ ನೋಡಿ ಬೈಪೋಲಾರ್ ಎಂದೋ ಸ್ಕಿಜೋಫ್ರೇನಿಯಾ ಎಂದೋ ಹೇಳಲು ಬರುವುದಿಲ್ಲ. ಗಡ್ಡೆ, ಸೋಂಕು, ಫಿಟ್ಸ್‌ನಂತಹ ಬೇರೆ ಕಾರಣವಿಲ್ಲವೆಂದು ಖಚಿತಪಡಿಸಿಕೊಳ್ಳಲು ವೈದ್ಯರು ಕೆಲವೊಮ್ಮೆ ಸ್ಕ್ಯಾನ್ ಬರೆಯುತ್ತಾರೆ. ಅವರು ಹೇಳದಿದ್ದರೆ ಸಾಲ ಮಾಡಿ ಮಾಡಿಸುವ ಅಗತ್ಯವಿಲ್ಲ.

ಮಾತ್ರೆಗಳೇ ಭಾವನೆಗಳನ್ನು ಮಂಕಾಗಿಸುತ್ತವೆಯೇ?

ಕೆಲವೊಮ್ಮೆ ಹೌದು, ಇದನ್ನು ಮುಚ್ಚಿಡಬಾರದು. ಡೋಪಮಿನ್‌ನ ಪ್ರಭಾವವನ್ನು ತಡೆಯುವ ಔಷಧಿಗಳು ಸಂಶಯವನ್ನೂ ಇಲ್ಲದ ದನಿಗಳನ್ನೂ ಇಳಿಸುತ್ತವೆ. ಆದರೆ ಪ್ರಮಾಣ ಹೆಚ್ಚಾದರೆ ಮುಖ ಬಿಗಿಯುವುದು, ಮೈ ಜಡವಾಗುವುದು, ಉತ್ಸಾಹ ಕುಂದುವುದು ಸಂಭವಿಸಬಹುದು. ಇದು ಕಾಯಿಲೆಯ ಲಕ್ಷಣವೋ ಔಷಧಿಯ ಪರಿಣಾಮವೋ ಎಂಬುದನ್ನು ವೈದ್ಯರು ಪ್ರತ್ಯೇಕಿಸಿ ಪ್ರಮಾಣವನ್ನು ಅಥವಾ ಔಷಧಿಯನ್ನು ಬದಲಿಸಬಲ್ಲರು. ಆದ್ದರಿಂದ ‘ಮಂಕಾಗಿದ್ದಾನೆ’ ಎಂದು ನೀವಾಗಿಯೇ ನಿಲ್ಲಿಸದೆ, ಅದೇ ಮಾತನ್ನು ವೈದ್ಯರ ಮುಂದೆ ಹೇಳಿ.

ಬೈಪೋಲಾರ್‌ಗೆ ಲಿಥಿಯಂ ಹಳೆಯ, ನಂಬಿಕೆಯ ಔಷಧಿ. ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲಿ ಉನ್ಮಾದದಲ್ಲಿ ಅದರ ಪರಿಣಾಮವನ್ನು ವರದಿ ಮಾಡಿದರು. ಅದು ಮರುಕಳಿಕೆಯನ್ನು ತಡೆಯುವುದಲ್ಲದೆ ಆತ್ಮಹತ್ಯೆಯ ಅಪಾಯವನ್ನೂ ಇಳಿಸುತ್ತದೆ. ರಕ್ತದಲ್ಲಿ ಅದರ ಮಟ್ಟ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗಿರಬೇಕು; ಅದಕ್ಕಾಗಿ ರಾತ್ರಿಯ ಮಾತ್ರೆಯಾದ 12 ಗಂಟೆಯ ನಂತರ ರಕ್ತ ಕೊಡಬೇಕು. ಮೂತ್ರಪಿಂಡ ಮತ್ತು ಥೈರಾಯ್ಡ್ ಪರೀಕ್ಷೆಯೂ ಕಾಲಕಾಲಕ್ಕೆ ಆಗಬೇಕು. ಪಾವಗಡ, ಶಿರಾ ಕಡೆಯ ಬಿಸಿಲಿನಲ್ಲಿ ಹೊಲದ ಕೆಲಸ ಮಾಡುವವರು ಚೆನ್ನಾಗಿ ನೀರು ಕುಡಿಯಬೇಕು, ಏಕಾಏಕಿ ಉಪ್ಪು ಬಿಡಬಾರದು. ವಾಂತಿಭೇದಿಯಾದರೆ, ಅಥವಾ ಮೈಕೈ ನೋವಿಗೆ ಅಂಗಡಿಯಿಂದ ತಂದ ನೋವಿನ ಮಾತ್ರೆ ನುಂಗಿದರೆ ಲಿಥಿಯಂ ಮಟ್ಟ ಅಪಾಯಕ್ಕೆ ಏರಬಹುದು. ಕೈ ಜೋರಾಗಿ ನಡುಗುವುದು, ನಡಿಗೆ ತೂರಾಡುವುದು, ಮಾತು ತೊದಲುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ವ್ಯಾಲ್ಪ್ರೊಯೇಟ್ ಎಂಬ ಇನ್ನೊಂದು ಔಷಧಿ ಗರ್ಭದಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲದು. ಮದುವೆ ಗೊತ್ತಾದ ಅಥವಾ ಮಗು ಬಯಸುವ ಹೆಣ್ಣುಮಕ್ಕಳು ಈ ವಿಷಯವನ್ನು ಮೊದಲೇ ವೈದ್ಯರೊಂದಿಗೆ ಮಾತಾಡಲೇಬೇಕು.

ಇದು ಮಕ್ಕಳಿಗೂ ಬರುತ್ತದೆಯೇ?

ಎರಡರಲ್ಲೂ ವಂಶದ ಪಾಲು ದೊಡ್ಡದು. ತಂದೆ ಅಥವಾ ತಾಯಿಗೆ ಸ್ಕಿಜೋಫ್ರೇನಿಯಾ ಇದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಹತ್ತು, ಎಂದರೆ ಹೆಚ್ಚಿನ ಮಕ್ಕಳಿಗೆ ಬರುವುದಿಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಇದ್ದರೂ ಇನ್ನೊಬ್ಬರಿಗೆ ಬಂದೇ ಬರುತ್ತದೆಂದಿಲ್ಲ. ಮನೆಯಲ್ಲಿ ಕಾಯಿಲೆಯ ಹಿನ್ನೆಲೆಯಿರುವ ಹುಡುಗರು ಗಾಂಜಾದಿಂದ ದೂರವಿರಬೇಕು; ಅದು ಸ್ಕಿಜೋಫ್ರೇನಿಯಾದ ಅಪಾಯವನ್ನು ಹೆಚ್ಚಿಸುತ್ತದೆ.

ಮನೆಯವರ ಮಾತಿನಿಂದ ಕಾಯಿಲೆ ಹೆಚ್ಚುತ್ತದೆಯೇ?

ಕಾಯಿಲೆ ಹುಟ್ಟುವುದು ಮನೆಯವರಿಂದಲ್ಲ. ತಾಯಿಯ ಸಾಕಣೆಯನ್ನು ದೂರುವ ಹಳೆಯ ಸಿದ್ಧಾಂತಗಳನ್ನು ವಿಜ್ಞಾನ ಬಿಟ್ಟು ಬಹಳ ಕಾಲವಾಯಿತು. ಆದರೆ ಮರುಕಳಿಸುವಿಕೆಯ ವಿಷಯ ಬೇರೆ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಮತ್ತು ಸಹೋದ್ಯೋಗಿಗಳು 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸದಾ ಟೀಕೆ, ಹಗೆ, ಅತಿಯಾದ ಮೇಲ್ವಿಚಾರಣೆ ಇರುವ ಮನೆಗಳಿಗೆ ಮರಳಿದ ರೋಗಿಗಳಲ್ಲಿ ಕಾಯಿಲೆ ಹೆಚ್ಚು ಮರುಕಳಿಸಿತು. ಚಂಡೀಗಢದಲ್ಲಿ ಇದೇ ವಿಧಾನದಿಂದ ನಡೆದು 1987ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂತಹ ಟೀಕೆಯ ವಾತಾವರಣ ಲಂಡನ್ನಿನ ಮನೆಗಳಿಗಿಂತ ಕಡಿಮೆಯಿತ್ತು, ರೋಗಿಗಳೂ ಹೆಚ್ಚು ಚೆನ್ನಾಗಿದ್ದರು. ತಾಳ್ಮೆಗೆಟ್ಟು ಒಂದು ದಿನ ಕೂಗಿದ್ದಕ್ಕೆ ಯಾರೂ ಕೊರಗಬೇಕಿಲ್ಲ. ಲೆಕ್ಕಕ್ಕೆ ಬರುವುದು ದಿನನಿತ್ಯದ ವಾತಾವರಣ. ನೋಡಿಕೊಳ್ಳುವ ಭಾರವೆಲ್ಲ ಒಬ್ಬ ತಾಯಿಯ ಅಥವಾ ಹೆಂಡತಿಯ ಮೇಲೆ ಬಿದ್ದಿರುವ ಮನೆಗಳಲ್ಲಿ ಆ ತಾಳ್ಮೆಯನ್ನು ನಿರೀಕ್ಷಿಸುವುದು ಕ್ರೂರ. ಅಣ್ಣತಮ್ಮಂದಿರು, ಅತ್ತಿಗೆ ನಾದಿನಿಯರು ಸರದಿಯಂತೆ ಹಂಚಿಕೊಳ್ಳಬೇಕು.

ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಎನ್ನುತ್ತಾರೆ. ದೇವಸ್ಥಾನಕ್ಕೆ ಕರೆದೊಯ್ಯಬಹುದೇ?

ದೇವರಿಗೆ ಹರಕೆ ಹೊರುವುದಕ್ಕೂ ಮಾತ್ರೆ ನುಂಗುವುದಕ್ಕೂ ವಿರೋಧವಿಲ್ಲ, ಎರಡನ್ನೂ ಮಾಡಿ. ಆದರೆ ಹರಕೆ ತೀರುವವರೆಗೆ ಮಾತ್ರೆ ಬೇಡ ಎನ್ನುವವರ ಮಾತು ಕೇಳಬೇಡಿ; ಕಾಯಿಲೆ ಶುರುವಾದಾಗಿನಿಂದ ಚಿಕಿತ್ಸೆಗೆ ಹೋಗುವವರೆಗಿನ ಅವಧಿ ಉದ್ದವಾದಷ್ಟೂ ಸ್ಕಿಜೋಫ್ರೇನಿಯಾದಲ್ಲಿ ಚೇತರಿಕೆ ಕಷ್ಟವಾಗುತ್ತದೆ. ಹೊಡೆಯುವುದು, ಬರೆ ಹಾಕುವುದು, ಕಟ್ಟಿಹಾಕುವುದು ಎಲ್ಲಿಯೂ ಆಗಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಂ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ತುಮಕೂರು ಜಿಲ್ಲೆಯಲ್ಲಿ ಚಿಕಿತ್ಸೆ ಎಲ್ಲಿ ಸಿಗುತ್ತದೆ?

ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಮನೋಚೈತನ್ಯ ಹೆಸರಿನ ಮಂಗಳವಾರದ ಶಿಬಿರಗಳ ವ್ಯವಸ್ಥೆಯಿದೆ. ನಿಮ್ಮ ತಾಲ್ಲೂಕಿನ ಸರದಿ ಯಾವ ವಾರವೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಬಹುದು. ಹೆಚ್ಚಿನ ಪರಿಶೀಲನೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ನಮ್ಮ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನಲ್ಲೇ ನಿಮ್ಹಾನ್ಸ್ ತಂಡವು ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ, ಅವರ ಊರಿನ ಹತ್ತಿರವೇ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಅನುಸರಿಸಿದೆ. ಹಳ್ಳಿಯಲ್ಲೇ ಇದ್ದುಕೊಂಡು ಚಿಕಿತ್ಸೆ ಪಡೆಯಲು ಆಗದೆಂಬ ಮಾತಿಗೆ ಆ ಕೆಲಸವೇ ಉತ್ತರ.

ರಾತ್ರಿ ಹೊತ್ತು ಕೈಮೀರಿದರೆ, ಅಥವಾ ಸಾಯುವ ಮಾತಾಡಿದರೆ ಏನು ಮಾಡಬೇಕು?

ಸಾಯುವ ಮಾತನ್ನು ಯಾವತ್ತೂ ಬರಿಯ ಬೆದರಿಕೆಯೆಂದು ತಳ್ಳಿಹಾಕಬೇಡಿ, ಮುಖದಲ್ಲಿ ದುಃಖ ಕಾಣದಿದ್ದರೂ ಸಹ. ಅವರನ್ನು ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ತಂದ ಕೀಟನಾಶಕವನ್ನೂ ಮಾತ್ರೆಗಳ ಪೊಟ್ಟಣವನ್ನೂ ಬೀಗ ಹಾಕಿಡಿ. ದಿನದ ಮಾತ್ರೆಯನ್ನು ಒಬ್ಬರು ಕೈಯಾರೆ ಕೊಡಿ. 14416ಕ್ಕೆ ಕರೆ ಮಾಡಿದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ಹಗಲೂ ರಾತ್ರಿಯೂ ಉಚಿತವಾಗಿ, ಕನ್ನಡದಲ್ಲಿಯೇ ಸಿಗುತ್ತದೆ. ಜೀವಕ್ಕೆ ಅಪಾಯವಿದ್ದರೆ 108 ಆಂಬುಲೆನ್ಸ್ ಕರೆಸಿ. ಆಸ್ಪತ್ರೆಗೆ ಹೊರಡುವಾಗ ಹಳೆಯ ಚೀಟಿಗಳನ್ನೂ ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ. ಕೊನೆಯ ವಾರದಲ್ಲಿ ಎಷ್ಟು ಗಂಟೆ ನಿದ್ದೆ ಮಾಡಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ತೋರಿಸಿ.